ಸೋಷಿಯಲ್ ಎಂಟರ್‌ಪ್ರೈಸ್ ನಿಜವಾದ ವ್ಯಾಪಾರವಾ?

ಎಂಬಿಎ ಓದುತ್ತಿರುವ ನೀವು ಕೇಳಿದ್ದು ಇದು: ಜನರ ಒಂದು ತೊಂದರೆ ನೀಗಿಸಲೆಂದೇ ನಡೆಸುವ ಉದ್ಯಮ, ಅಂದರೆ ಸೋಷಿಯಲ್ ಎಂಟರ್‌ಪ್ರೈಸ್ ನಿಜವಾದ ವ್ಯಾಪಾರವಾ, ಇಲ್ಲ ದಾನಧರ್ಮಕ್ಕೇ ಇಟ್ಟ ಹೊಸ ಹೆಸರಾ?

ವ್ಯಾಪಾರವೇ. ಗಿರಾಕಿ ದುಡ್ಡು ಕೊಟ್ಟು ಕೊಂಡರೆ ತಾನೇ ಅದು ಉಳಿಯುವುದು? ನಾನು ವಿರಾಜಪೇಟೆ ಕಡೆ ಸಣ್ಣ ಕಾಫಿ ಬೆಳೆಗಾರರೇ ಸೇರಿ ಕಟ್ಟಿದ, ಅವರೇ ಒಡೆಯರಾದ ಒಂದು ಉತ್ಪಾದಕ ಕಂಪನಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಹಾಗಾಗಿ ಕಾಫಿಯಿಂದಲೇ ಹೇಳುತ್ತೇನೆ.

ಎರಡು ಮೂರು ಎಕರೆ ರೊಬಸ್ಟಾ ಕಾಫಿ ಇರುವ ಮನೆಗೆ ದೊಡ್ಡ ಹಣ ಬರುವುದು ವರ್ಷಕ್ಕೆ ಒಂದೇ ಸಲ, ಕುಯ್ಲು ಮುಗಿದು ಚೆರಿ, ಅಂದರೆ ಕಾಫಿ ಹಣ್ಣು, ಕಣದಲ್ಲಿ ಒಣಗಿದ ಮೇಲೆ. ಖರ್ಚು ಮಾತ್ರ ಜೂನ್‌ನಲ್ಲೇ ಬಂದು ನಿಲ್ಲುತ್ತದೆ. ಶಾಲೆ ಫೀಸು, ಗೊಬ್ಬರ, ಕೂಲಿ. ಆಗ ವ್ಯಾಪಾರಿ ಮುಂಗಡ ಕೊಡುತ್ತಾರೆ. ಅವರನ್ನು ನಾನು ಬೈಯುವುದಿಲ್ಲ. ಆ ಮಳೆಯಲ್ಲಿ ಕೇಳಿದ ತಕ್ಷಣ ದುಡ್ಡು ಕೊಡುವವರು ಬೇರೆ ಯಾರಿದ್ದಾರೆ? ಆದರೆ ಫೆಬ್ರವರಿಯಲ್ಲಿ ಬೆಳೆ ಅವರಿಗೇ ಹೋಗಬೇಕು, ಅವರು ಹೇಳಿದ ದರಕ್ಕೆ. ಚೀಲದಿಂದ ಸ್ವಲ್ಪ ಚೆರಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗುತ್ತಾರೆ. 50 ಕೆ.ಜಿ. ಚೀಲಕ್ಕೆ ಎಷ್ಟು ಕೆ.ಜಿ. ಬೀಜ ಅನ್ನುವುದೇ ಔಟ್‌ಟರ್ನ್, ನಮ್ಮ ಬಾಯಲ್ಲಿ ಓಟಿ. ಅದು 28ರಿಂದ 26ಕ್ಕೆ ಇಳಿದರೆ ಚೀಲದ ಬೆಲೆಯೂ ಇಳಿಯುತ್ತದೆ. ಮುಂಗಡ ತಿಂದವರು ‘ಇನ್ನೊಂದು ಸಲ ತೂಗಿ’ ಅನ್ನುವುದು ಕಷ್ಟ.

1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನಸ್ ಕಂಡಿದ್ದೂ ಇದನ್ನೇ. ಹೆಂಗಸರು ಬಿದಿರಿನ ಸ್ಟೂಲು ಹೆಣೆಯುತ್ತಿದ್ದರು. ಬಿದಿರಿಗೆ ಸಾಲ ಕೊಟ್ಟವನಿಗೇ ಅವನು ಹೇಳಿದ ಬೆಲೆಗೆ ಸ್ಟೂಲು ಕೊಡಬೇಕಿತ್ತು. ಆ ಊರಿನ 42 ಜನರ ಸಾಲ ಒಟ್ಟು ಸೇರಿಸಿದರೆ ಬರೀ 27 ಡಾಲರ್! ಯೂನಸ್ ಅದನ್ನು ತಮ್ಮ ಜೇಬಿನಿಂದ ಕೊಟ್ಟರು, ಸಾಲವಾಗಿ. ಬಡವರಿಗೆ ಸಣ್ಣ ಸಾಲ ಕೊಡುವ ಅವರ ಗ್ರಾಮೀಣ ಬ್ಯಾಂಕ್ ಬೆಳೆದದ್ದು ಅಲ್ಲಿಂದ. ಆ ಜನರಿಗೆ ಕೆಲಸ ಚೆನ್ನಾಗಿಯೇ ಬರುತ್ತಿತ್ತು. ಕೈಯಲ್ಲಿ ದುಡ್ಡಿರಲಿಲ್ಲ, ಅಷ್ಟೇ.

ನಮ್ಮ ಕಂಪನಿ ಮಾಡುವುದೂ ಇದನ್ನೇ. ಮಳೆಗಾಲದಲ್ಲಿ ಸದಸ್ಯರಿಗೆ ಮುಂಗಡ ಕೊಡುತ್ತೇವೆ. ಬೆಳೆಗಾರರ ಎದುರಿಗೇ ಓಟಿ ತೆಗೆಯುತ್ತೇವೆ. ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುತ್ತೇವೆ. ಉಳಿದ ಲಾಭವನ್ನು ಯಾರು ಎಷ್ಟು ಕಾಫಿ ಕೊಟ್ಟರೋ ಆ ಲೆಕ್ಕದಲ್ಲಿ ಹಂಚುತ್ತೇವೆ. ಕೊಳ್ಳುವವರ ಹತ್ತಿರ ಚೌಕಾಸಿ ಗಟ್ಟಿಯಾಗಿಯೇ ನಡೆಯುತ್ತದೆ. ತೇವಾಂಶ ಜಾಸ್ತಿ ಇದ್ದರೆ ನಮ್ಮ ಲಾಟೂ ವಾಪಸ್ ಬರುತ್ತದೆ, ‘ಪಾಪ, ಸಣ್ಣ ರೈತರು’ ಅಂತ ಯಾರೂ ಬಿಡುವುದಿಲ್ಲ. ಬಿಡಲೂಬಾರದು.

ಇಂಥದ್ದು ಚಿಕ್ಕದಾಗಿಯೇ ಉಳಿಯುತ್ತದೆ ಅಂದುಕೊಳ್ಳಬೇಡಿ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಾಲಿನವರು ಒಬ್ಬನೇ ಖರೀದಿದಾರನ ಹಿಡಿತ ಬೇಡ ಅಂತ ಕಟ್ಟಿದ ಸಂಘದಿಂದಲೇ ಅಮುಲ್ ಬಂದದ್ದು. ಕಾನೂನಿನ ವಿಷಯ ಚುಟುಕಾಗಿ: ಉತ್ಪಾದಕ ಕಂಪನಿಗೆ ಹತ್ತು ಜನ ಬೆಳೆಗಾರರು ಸೇರಿದರೆ ಸಾಕು, ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಓಟು. ಸೇವೆಯ ಉದ್ದೇಶಕ್ಕೆ ನೋಂದಾಯಿಸುವ ಸೆಕ್ಷನ್ 8 ಕಂಪನಿಯಾದರೆ ಲಾಭ ಹಂಚುವಂತಿಲ್ಲ.

ನಿಜವಾದ ತೊಂದರೆ ಬಂಡವಾಳದ್ದು. ಯಂತ್ರಕ್ಕೆ, ತರಬೇತಿಗೆ ಅನುದಾನ ಸಿಗುತ್ತದೆ. ಜೂನ್ ತಿಂಗಳ ಮುಂಗಡಕ್ಕೆ ಸಿಗುವುದಿಲ್ಲ. ಬ್ಯಾಂಕಿಗೆ ಹೋದರೆ ಅಡಮಾನ ಕೇಳುತ್ತಾರೆ, ಹೊಸ ಕಂಪನಿ ಹತ್ತಿರ ಏನಿರುತ್ತದೆ? 2022ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ, ಇಂಥ ಸಂಸ್ಥೆಗಳು ಹಣ ಎತ್ತುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್‌ಗೆ ನಿಯಮ ಮಾಡಿತು, ಒಳ್ಳೆಯದೇ. ಆದರೆ ನಮ್ಮಂಥ ಊರ ಮಟ್ಟದ ಗುಂಪಿಗೆ ಅದು ಕೈಗೆಟಕುವ ದಾರಿಯಲ್ಲ. ಕಡಿಮೆ ಬಡ್ಡಿಗೆ ಎಂಟು ತಿಂಗಳು ಕಾಯುವ ದುಡ್ಡು ಬೇಕು. ಎಂಬಿಎ ಓದಿದವರು ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು ಅಂತ ನನಗೆ ಬಲವಾಗಿ ಅನಿಸುತ್ತದೆ.

ಪ್ರಾಜೆಕ್ಟ್‌ಗೆ ಯಾವುದಾದರೂ ಸಂಸ್ಥೆ ನೋಡುವುದಾದರೆ ವಾರ್ಷಿಕ ವರದಿಯ ಫೋಟೋ ಬಿಟ್ಟುಬಿಡಿ. ಸದಸ್ಯರಿಗೆ ಹಣ ಯಾವ ತಿಂಗಳು ಕೈಗೆ ಬಂತು, ದರ ಬಿದ್ದ ವರ್ಷ ನಷ್ಟ ಯಾರ ತಲೆಗೆ ಬಂತು, ಇವೆರಡನ್ನು ಮೊದಲು ಕೇಳಿ.