ಮನೆ ಒಡ್ಡಿನ ಒಳಗೋ, ಹೊರಗೋ

ರೋಟರ್‌ಡ್ಯಾಮಿನಲ್ಲಿ ಕೆಲಸ ಸಿಕ್ಕಿರುವ ನೀವು, ನೆದರ್ಲೆಂಡ್ಸ್‌ನ ಶೇ. 26ರಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆಯೆಂದು ಓದಿ, ಏರುತ್ತಿರುವ ಕಡಲಿನ ಮಗ್ಗುಲಲ್ಲಿ ಸಂಸಾರ ಹೂಡುವುದು ಕ್ಷೇಮವೇ ಎಂದು ಕೇಳಿದ್ದೀರಿ. ಹದಿನೆಂಟು ವರ್ಷ ಇಲ್ಲಿದ್ದ ಮೇಲೆ ನನಗೆ ತಿಳಿದದ್ದೆಂದರೆ, ಯಾವ ಊರು ಎನ್ನುವುದಕ್ಕಿಂತ ಮನೆ ನೀರು ತಡೆಯುವ ಒಡ್ಡಿನ ಯಾವ ಬದಿಗಿದೆ ಎನ್ನುವುದೇ ಮುಖ್ಯ.

1953ರ ಜನವರಿ 31ರ ರಾತ್ರಿಯ ಬಿರುಗಾಳಿಗೆ ಒಡ್ಡುಗಳು ಒಡೆದು ಈ ದೇಶದಲ್ಲಿ 1,836 ಮಂದಿ ಸತ್ತರು. ಅಲ್ಲಿಯವರೆಗೆ, ಕಂಡ ಅತಿ ದೊಡ್ಡ ನೆರೆಗಿಂತ ತುಸು ಎತ್ತರಕ್ಕೆ ಒಡ್ಡು ಕಟ್ಟುವುದು ರೂಢಿಯಾಗಿತ್ತು. ಆ ಬಳಿಕ ನೇಮಕವಾದ ಡೆಲ್ಟಾ ಆಯೋಗವು, ಇನ್ನೂ ಯಾರೂ ಕಂಡಿರದ ನೆರೆಯ ಸಂಭವವನ್ನು ಗಣಿತದಿಂದ ಅಳೆಯುವ ಕ್ರಮವನ್ನು ತಂದಿತು. 2017ರಿಂದ ಜಾರಿಯಲ್ಲಿರುವ ನಿಯಮದಂತೆ, ಒಡ್ಡಿನ ಒಳಗೆ ವಾಸಿಸುವ ಯಾರಿಗೇ ಆಗಲಿ ನೆರೆಯಿಂದ ಸಾವುಂಟಾಗುವ ಸಂಭವ ವರ್ಷಕ್ಕೆ ಲಕ್ಷದಲ್ಲಿ ಒಂದನ್ನು ಮೀರಕೂಡದು. ಈ ಗುರಿಯನ್ನು 2050ರೊಳಗೆ ಮುಟ್ಟಬೇಕು.

ಹಾಗೆಂದು ಚಿಂತೆಯೇ ಬೇಡ ಎನ್ನಲಾರೆ. ಇಲ್ಲಿನ ಹವಾಮಾನ ಸಂಸ್ಥೆ ಕೆಎನ್‌ಎಂಐ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಇಂಗಾಲದ ಹೊರಸೂಸುವಿಕೆ ತಗ್ಗದಿದ್ದರೆ 2100ರ ವೇಳೆಗೆ ಡಚ್ ಕರಾವಳಿಯಲ್ಲಿ ಕಡಲು 59ರಿಂದ 124 ಸೆಂಟಿಮೀಟರ್ ಏರಬಹುದು. ರೋಟರ್‌ಡ್ಯಾಮನ್ನು ಕಾಯುವ ಮಾಸ್‌ಲಾಂಟ್‌ಕೆರಿಂಗ್‌ನ ನೆರೆ ತಡೆಯುವ ದೈತ್ಯ ಕದಗಳು 1997ರಲ್ಲೇ ಸಿದ್ಧವಾದರೂ, ನೀರು ಮೂರು ಮೀಟರ್ ಮುಟ್ಟಲಿದೆಯೆಂಬ ಮುನ್ಸೂಚನೆಗೆ ತಾವಾಗಿಯೇ ಮೊದಲು ಮುಚ್ಚಿಕೊಂಡದ್ದು 2023ರ ಡಿಸೆಂಬರ್ 21ರಂದು. ಕಡಲು ಏರಿದಷ್ಟೂ ಅವನ್ನು ಪದೇಪದೇ ಮುಚ್ಚಬೇಕಾಗುತ್ತದೆ. ಮುಚ್ಚಿದಷ್ಟು ಹೊತ್ತು ಹಡಗುಗಳು ಕಾಯಬೇಕು, ರೈನ್ ನದಿಯ ನೀರು ಒಳಗೇ ತುಂಬಿಕೊಳ್ಳುತ್ತದೆ. ಆದ್ದರಿಂದಲೇ, ಒಮ್ಮೆ ಮಾಡಿದ ಯೋಜನೆಗೆ ಜೋತುಬೀಳದೆ, ಹೊಸ ಮಾಪನಗಳನ್ನು ಮುಂದಿಟ್ಟುಕೊಂಡು ಆರು ವರ್ಷಕ್ಕೊಮ್ಮೆ ಮೂಲ ನಿರ್ಧಾರಗಳನ್ನೇ ಮರುಪರಿಶೀಲಿಸುವ ಇಲ್ಲಿನ ಪದ್ಧತಿ ನನಗೆ ಒಡ್ಡುಗಳಿಗಿಂತ ಹೆಚ್ಚಿನ ಧೈರ್ಯ ಕೊಡುತ್ತದೆ.

ಮನೆ ಹುಡುಕುವಾಗ ನೂರ್ಡರ್‌ಐಲಾಂಡ್‌ನಂತಹ, ಕಿಟಕಿ ತೆರೆದರೆ ನದಿ ಕಾಣುವ ಬಡಾವಣೆಗಳು ನಿಮ್ಮನ್ನು ಸೆಳೆಯಬಹುದು (ನಾನೂ ಮಾರುಹೋಗಿದ್ದವನೇ). ಅವು ಒಡ್ಡಿನ ಹೊರಗೆ, ನದಿಯ ಬದಿಗಿವೆ. ಮೇಲಿನ ನಿಯಮದ ರಕ್ಷಣೆ ಅಲ್ಲಿಗಿಲ್ಲ, ನೀರು ನುಗ್ಗಿ ಆಗುವ ನಷ್ಟ ಬಹುಮಟ್ಟಿಗೆ ನಿವಾಸಿಗಳದೇ. ಕರಾರಿಗೆ ಸಹಿ ಹಾಕುವ ಮುನ್ನ ‘ಓವರ್‌ಸ್ಟ್ರೋಮ್ ಇಕ್’ ಎಂಬ ಜಾಲತಾಣದಲ್ಲಿ ಆ ವಿಳಾಸದ ಪಿನ್‌ಕೋಡ್ ಹಾಕಿ, ಅಲ್ಲಿ ನೀರು ಎಷ್ಟು ಎತ್ತರ ನಿಲ್ಲಬಹುದೆಂದು ನೋಡಿ. ಮುಖ್ಯ ಒಡ್ಡು ಒಡೆದಾಗಿನ ನಷ್ಟವನ್ನು ಹಲವು ವಿಮೆಗಳು ತುಂಬಿಕೊಡುವುದಿಲ್ಲವಾದ್ದರಿಂದ ವಿಮಾ ಪತ್ರವನ್ನೂ ಪೂರ್ತಿ ಓದಿಕೊಳ್ಳಿ.

ಬಂದ ಮೇಲೆ ವಾಟರ್‌ಸ್ಖಾಪ್ ಎಂಬ ನೀರಾಡಳಿತ ಮಂಡಳಿಯ ತೆರಿಗೆ ಚೀಟಿ ಬಾಡಿಗೆದಾರರಾದ ನಿಮಗೂ ಬರುತ್ತದೆ. ಸಿಡುಕದೆ ಕಟ್ಟಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅದರ ಚುನಾವಣೆಯಲ್ಲಿ, ಡಚ್ ಪೌರತ್ವವಿಲ್ಲದಿದ್ದರೂ ವಾಸದ ಪರವಾನಗಿಯುಳ್ಳ ವಯಸ್ಕರು ಮತ ಹಾಕಬಹುದು. 2023ರ ನಂತರದ ಸರದಿ 2027ರಲ್ಲಿ.