ಆ ಬಿಳಿ ಹಾಳೆ ಖಾಲಿಯಲ್ಲ

ನಮಸ್ಕಾರ.

ನಿಮ್ಮ ಕಾಗದದಲ್ಲಿ ಎರಡು ಆಕ್ಷೇಪಗಳಿವೆ. ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ, ಬಂಗಾಳದ ಚಿತ್ರಕಲಾವಿದ, ಶಿಲ್ಪಿ ಸೋಮನಾಥ ಹೋರ್ ಅವರ ಕೃತಿ ನಿಮಗೆ ಬರೀ ಖಾಲಿ ಹಾಳೆಯಂತೆ ಕಂಡಿದೆ. ಶಾಂತಿನಿಕೇತನದಲ್ಲಿ ಯಾರ ಕೈಗೂ ಸಿಗದೆ ಕೂತ ಅವರನ್ನು ‘ಜನರ ಕಲಾವಿದ’ ಎಂದು ಕರೆದದ್ದೂ ನಿಮಗೆ ಒಪ್ಪಿಗೆಯಾಗಿಲ್ಲ.

ಮೊದಲನೆಯದರಲ್ಲಿ ತಪ್ಪು ನಮ್ಮದು. 1970ರ ದಶಕದ ‘ಗಾಯಗಳು’ ಸರಣಿಯ ಹಾಳೆ ಅದು. ಅದನ್ನು ಬರೆದದ್ದಲ್ಲ, ಒತ್ತಿ ತೆಗೆದದ್ದು. ಹೋರ್ ಮೊದಲು ಜೇಡಿಮಣ್ಣು ಅಥವಾ ಮೇಣದ ಹಲಗೆಯನ್ನು ಚಾಕುವಿನಿಂದ ಸೀಳುತ್ತಿದ್ದರು, ಚುಚ್ಚುತ್ತಿದ್ದರು. ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿಗೆ ಒದ್ದೆ ಕಾಗದದ ತಿರುಳನ್ನು ಒತ್ತಿ ಒಣಗಿಸುತ್ತಿದ್ದರು. ಬಹುಪಾಲು ಹಾಳೆಗಳಲ್ಲಿ ಬಣ್ಣವೇ ಇಲ್ಲ. ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ಸೀಳು, ಕುಳಿ, ಊದಿಕೊಂಡ ಅಂಚು ಎದ್ದು ಕಾಣುತ್ತವೆ. ಥೇಟ್ ಚರ್ಮದ ಹಾಗೆ. ಎದುರಿನಿಂದ ಬೆಳಕು ಬಿಟ್ಟು ತೆಗೆದ ಫೋಟೊ ಹಾಕಿ ನಾವು ಅದನ್ನೆಲ್ಲ ಅಳಿಸಿಬಿಟ್ಟೆವು. ಕ್ಷಮಿಸಿ.

ಎರಡನೆಯದನ್ನು ಮಾತ್ರ ನಾನು ಒಪ್ಪಲಾರೆ.

ಹೋರ್ ಹುಟ್ಟಿದ್ದು 1921ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗ್ ಜಿಲ್ಲೆಯಲ್ಲಿ. 1943ರ ಬಂಗಾಳದ ಬರಗಾಲದಲ್ಲಿ ಅವರಿಗಿನ್ನೂ ಇಪ್ಪತ್ತೆರಡು. ಹಿರಿಯ ಕಲಾವಿದ ಚಿತ್ತಪ್ರಸಾದ್ ಜೊತೆ ಸೇರಿ, ಹಸಿವಿನಿಂದ ಬೀದಿಗೆ ಬಿದ್ದವರ ಎದುರೇ ಕೂತು ಚಿತ್ರ ಬರೆದರು. ಕಮ್ಯುನಿಸ್ಟ್ ಪಕ್ಷದ ‘ಜನಯುದ್ಧ’ ಪತ್ರಿಕೆಗೂ ಅವರ ಚಿತ್ರಗಳು ಹೋದವು. 1946ರಲ್ಲಿ ತೇಭಾಗಾ ಚಳವಳಿ. ಪಾಲಿಗೆ ಉಳುವ ರೈತರು ಬೆಳೆಯ ಮೂರರಲ್ಲಿ ಎರಡು ಪಾಲು ತಮಗೆ ಬೇಕೆಂದು ಎದ್ದು ನಿಂತರು. ಹೋರ್ ರಂಗಪುರದ ಹಳ್ಳಿಗಳಲ್ಲಿ ಅವರ ನಡುವೆ ಓಡಾಡಿ ದಿನಚರಿ ಬರೆದರು, ಚಿತ್ರಗಳನ್ನೂ ಬರೆದರು. ಇಷ್ಟನ್ನು ಹತ್ತಿರದಿಂದ ನೋಡಿದವರಿಗೆ ಆಮೇಲೆ ಜನರ ಬಗ್ಗೆ ಮಾತಾಡಲು ವೇದಿಕೆ ಬೇಕಿತ್ತಾ?

ದೆಹಲಿಯಲ್ಲಿ ಕೆಲವು ವರ್ಷ ಪಾಠ ಹೇಳಿ, ಅವರು ಶಾಂತಿನಿಕೇತನಕ್ಕೆ ಬಂದರು. ಅಲ್ಲಿನ ಕಲಾಶಾಲೆ ಕಲಾಭವನದಲ್ಲಿ ಮುದ್ರಣಕಲೆ, ಅಂದರೆ ಅಚ್ಚಿನಿಂದ ಚಿತ್ರ ಒತ್ತಿ ತೆಗೆಯುವ ಕಲೆ, ಕಲಿಸಿದರು. ಅಂದರೆ ಬಾಗಿಲು ಹಾಕಿಕೊಂಡದ್ದು ವಿದ್ಯಾರ್ಥಿಗಳಿಗಲ್ಲ, ಸದ್ದುಗದ್ದಲಕ್ಕೆ. ಮಾರುಕಟ್ಟೆ, ಪ್ರಚಾರ ಅವರಿಗೆ ಬೇಕಿರಲಿಲ್ಲ.

1974ರ ಹೊತ್ತಿಗೆ, ಐವತ್ತು ದಾಟಿದ ಮೇಲೆ, ಕಂಚಿಗೆ ಕೈ ಹಾಕಿದರು. ಮೇಣದ ಹಾಳೆಗಳನ್ನು ಕತ್ತರಿಸಿ, ಮಡಚಿ, ಬೆಸೆದು ಆಕೃತಿ ಕಟ್ಟುತ್ತಿದ್ದರು. ಆಮೇಲೆ ಅದನ್ನು ಕಂಚಿನಲ್ಲಿ ಎರಕ ಹೊಯ್ಯುವುದು. ಎಲುಬು ಎದ್ದು ಕಾಣುವ ತಾಯಂದಿರು, ಬಡಕಲು ಮಕ್ಕಳು, ಆಡುಗಳು. ಹೆಚ್ಚಿನವು ಕೈಯಲ್ಲಿ ಎತ್ತಿಕೊಳ್ಳುವಷ್ಟು ಚಿಕ್ಕವು. ಆ ಮೈಗಳನ್ನು ನೋಡಿ: ಒಳಗೆ ಟೊಳ್ಳು, ಹೊರಗೆ ಹರಿದ ತಗಡು. ಮೂವತ್ತು ವರ್ಷದ ಹಿಂದೆ ಬೀದಿಯಲ್ಲಿ ಕಂಡವರನ್ನು ಅವರು ಇನ್ನೂ ಬಿಟ್ಟಿರಲಿಲ್ಲ.

ಒಂದು ಕೃತಿ ಮಾತ್ರ ದೊಡ್ಡದಿತ್ತು. ವಿಯೆಟ್ನಾಂ ಜನರ ಹೋರಾಟಕ್ಕೆ ಗೌರವವಾಗಿ ಮಾಡಿದ ತಾಯಿ-ಮಗು. 1977ರಲ್ಲಿ ಮುಗಿಯಿತು. ಮುಗಿದ ಬೆನ್ನಲ್ಲೇ ಕಲಾಭವನದಿಂದ ಕಳುವಾಯಿತು. ಮತ್ತೆ ಸಿಗಲೇ ಇಲ್ಲ. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೋರ್ ಮತ್ತೆ ಮೇಣ ಕಾಯಿಸಿ ಕೆಲಸಕ್ಕೆ ಕೂತರು. 2006ರಲ್ಲಿ ತೀರಿಕೊಂಡರು. ಪದ್ಮಭೂಷಣ ಬಂದದ್ದು ಮರುವರ್ಷ.

ಅವರ ಪತ್ನಿ ರೇಬಾ ಹೋರ್ ಕೂಡ ಚಿತ್ರಕಲಾವಿದೆ. ಅವರ ಬಗ್ಗೆ ನಾವು ಒಂದು ಸಾಲನ್ನೂ ಬರೆದಿರಲಿಲ್ಲ. ನೀವು ಕೇಳದಿದ್ದರೂ ಅದು ನಮ್ಮ ಇನ್ನೊಂದು ತಪ್ಪು.

ಮುಂದಿನ ಸಂಚಿಕೆಯಲ್ಲಿ ಅದೇ ಬಿಳಿ ಹಾಳೆಯ ಫೋಟೊ ಮತ್ತೆ ಹಾಕುತ್ತೇವೆ, ಪಕ್ಕದ ಬೆಳಕಿನಲ್ಲಿ ತೆಗೆದದ್ದು. ಸ್ವಲ್ಪ ಹೊತ್ತು ನೋಡಿ. ಆಮೇಲೂ ಖಾಲಿ ಅನ್ನಿಸಿದರೆ ಖಂಡಿತ ಬರೆಯಿರಿ.

– ಸಂಪಾದಕ