ಶಿರಸಿಯಲ್ಲೇ ಇದ್ದು ರಿಯಾಕ್ಟ್ (ಜಾವಾಸ್ಕ್ರಿಪ್ಟ್ ಭಾಷೆಲಿ ವೆಬ್ ಪುಟ ಕಟ್ಟೋ ಲೈಬ್ರರಿ) ಕಲಿಯೋಕೆ ಯಾವ ಕೋರ್ಸ್ ತಗೊಳ್ಳಲಿ?

ದುಡ್ಡು ಕಟ್ಟೋ ಮುಂಚೆ ಕೋರ್ಸಿನ ಪಾಠಗಳ ಪಟ್ಟಿ ತೆಗೆದು ನೋಡಿ. ಪುಟದ ಭಾಗಗಳನ್ನ ಬರೀ ಫಂಕ್ಷನ್‌ನಲ್ಲೇ ಬರೆಯೋಕೆ ಬಿಡೋ ಹುಕ್ಸ್ 2019ರಲ್ಲೇ ಬಂತು, ಇನ್ನೂ ಅದಕ್ಕಿಂತ ಹಳೇ ರೀತಿಯಾದ ಕ್ಲಾಸ್ ಕಾಂಪೊನೆಂಟಿಂದ ಶುರು ಮಾಡೋ ಕೋರ್ಸ್ ಆದ್ರೆ ಹಳೇದು, ಬಿಟ್ಬಿಡಿ. ಹೊಸ ಪ್ರಾಜೆಕ್ಟ್ ಶುರು ಮಾಡೋಕೆ ಬಳಸ್ತಿದ್ದ ಕ್ರಿಯೇಟ್ ರಿಯಾಕ್ಟ್ ಆಪ್ ಅನ್ನೋ ಟೂಲ್ ಹೇಳ್ಕೊಡೋ ಕೋರ್ಸೂ ಅಷ್ಟೇ, ಅದನ್ನ ರಿಯಾಕ್ಟ್‌ನವರೇ 2025ರಲ್ಲಿ ಕೈಬಿಟ್ರು. ಜಾವಾಸ್ಕ್ರಿಪ್ಟ್ ಗಟ್ಟಿ ಇಲ್ದಿದ್ರೆ ಮೊದ್ಲು ಅದು.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ನೆಟ್ಟು ಎರಡೂ ಹೋಗ್ತಾ ಇರ್ತದೆ, ಹಾಗಾಗಿ ಲೈವ್ ಕ್ಲಾಸಿಗಿಂತ ಡೌನ್‌ಲೋಡ್ ಮಾಡ್ಕೊಂಡು ನೋಡೋ ವಿಡಿಯೋನೇ ಒಳ್ಳೇದು. ರಿಯಾಕ್ಟ್‌ನ ಸ್ವಂತ ಸೈಟಲ್ಲಿರೋ ಟಿಕ್-ಟ್ಯಾಕ್-ಟೋ ಪಾಠ ಪುಕ್ಕಟೆ, ಮೊದ್ಲು ಅದನ್ನ ಮುಗಿಸಿ, ಆಮೇಲೆ ಮನೆ ಅಡಿಕೆ ಲೆಕ್ಕಕ್ಕೆ ಚಾಲಿ ಅಡಿಕೆ ಎಷ್ಟು ಕ್ವಿಂಟಾಲ್, ರಾಶಿ ಅಡಿಕೆ ಎಷ್ಟು ಅಂತ ತೋರ್ಸೋ ಒಂದು ಪುಟ ನೀವೇ ಮಾಡಿ ನೋಡಿ, ಎಲ್ಲಿ ಸಿಕ್ಕಾಕ್ಕೊಳ್ತೀರೋ ಅದನ್ನ ಬಿಡಿಸಿ ಹೇಳೋ ಕೋರ್ಸಿಗೆ ಮಾತ್ರ ದುಡ್ಡು ಕೊಡಿ.